ಆಯಿಯ ಹಂಚು ಕಳದ ದಿನ

ನಂಬಬ್ಯಾಡ್ರಿ, ಮೊದಲ ಹೇಳಿಬಿಡ್ತೇನಿ. ಒಂಬತ್ತ ವರ್ಷದ ಒಬ್ಬ ಹುಡುಗ, ಹನ್ನೊಂದ ಮಂದಿ ಉಣ್ಣೋ ಮನ್ಯಾಗ, ಅದೂ ಎಳ್ಳಮಾಸಿ ಮೂರ ದಿನ ಇದ್ದಾಗ, ಒಂದಿಡೀ ದಿನ ರೊಟ್ಟಿ ಬಡಿಯೂದ ಬಂದ ಮಾಡಿಸಿದ್ದ ಅಂದ್ರ ಹೂವಿನ ಹಿಪ್ಪರಗ್ಯಾಗ ಯಾರೂ ನಂಬಂಗಿಲ್ಲ. ಕಟ್ಟಿ ಮ್ಯಾಲ ಕುಂತ ಹೇಳಿದ್ರ ನನ್ನ ವಾರಗಿ ಮುದಕರು ತಂಬಾಕ ಉಗುಳಿ ನಗ್ತಾರ. ನೀವೂ ನಗ್ರಿ. ಆ ಹುಡುಗ ನಾನ.

ಆವಾಗ ನಮಗ ಎರಡ ಸೂಟಿ. ಮಾನಮಿಗೆ ಬಿಟ್ಟ ಸಾಲಿ ದೀಪಾಳಗಿ ಮುಗಿಯೂತನಾ ತೆರೀತಿರಲಿಲ್ಲ, ಅದು ಸರಕಾರದ ಸೂಟಿ. ಎಳ್ಳಮಾಸಿ ಮುಂದ ಹೊಟ್ಟಿ ನೋಯಿಸ್ಕೊಂಡ ತಗೋತಿದ್ದ ವಾರ ನಮ್ಮ ಸ್ವಂತ ಸೂಟಿ. ನಮ್ಮಪ್ಪ ಆಲಮಟ್ಟಿ ಡ್ಯಾಮಿನ ಕೆಲಸದಾಗಿದ್ದ. ನಮ್ಮವ್ವ ನನ್ನ ಕೆಂಪ ಬಸ್ಸಿಗೆ ಹತ್ತಿಸಿ, "ಹಿಪ್ಪರಗ್ಯಾಗ ಇಳಸ್ರಿ, ನಡುವ ಕಿತಬಿ ಮಾಡಿದ್ರ ಒಂದ ಬಿಡ್ರಿ" ಅಂತ ಕಂಡಕ್ಟರಗ ಹೇಳಿ ಕಳಸ್ತಿದ್ಲು. ಕಂಡಕ್ಟರ್ ಬಿಟ್ಟೂ ಬಿಟ್ಟಾನ.

ಹಿಪ್ಪರಗಿ ನಮ್ಮವ್ವನ ತವರಮನಿ. ಅಲ್ಲಿ ಮುತ್ಯಾ, ಮಾಮಾ, ಮಾಮಾನ ಹೆಂಡತಿ ಅತ್ತಿ, ಹೊಲದ ಕೆಲಸಕ್ಕ ಇಬ್ಬರ ಆಳು. ಸೂಟಿ ಬಂದ್ರ ಸಿಂದಗಿಯವು ಎರಡು, ಮುದ್ದೇಬಿಹಾಳದವು ಮೂರು, ಆಲಮಟ್ಟಿಯಿಂದ ನಾ ಒಬ್ಬ, ಹಿಂಗ ಆರ ಮಮ್ಮಕ್ಕಳು. ಇವರನ್ನೆಲ್ಲಾ ಎರಡ ಕೈಯಾಗ ಎತ್ತಿ ಹಿಡದಾಕಿ ಆಯಿ, ನಮ್ಮವ್ವನ ಅವ್ವ.

ಆಯಿ ಯಾವಾಗ ಏಳ್ತಿದ್ಲೋ ಯಾರಿಗೂ ಗೊತ್ತಿಲ್ಲ. ನಮಗ ಎಚ್ಚರಾಗ್ತಿದ್ದದ್ದು ರೊಟ್ಟಿ ಬಡಿಯೋ ಸಪ್ಪಳಕ್ಕ. ತಪ್, ತಪ್, ತಪ್, ಆಮ್ಯಾಲ ಬಿಸಿ ಹಂಚಿನ ಮ್ಯಾಲ ನೀರ ಸವರಿದ ಚುರ್ ಅನ್ನೂ ಸಪ್ಪಳ. ಕೌದಿ ತಲಿತುಂಬ ಹೊತಗೊಂಡ್ರೂ ಹತ್ತಿ ಕಟಗಿ ಹೊಗಿ, ಜ್ವಾಳದ ಹಿಟ್ಟ ಬೇಯೂ ವಾಸನಿ ಒಳಗ ಬರ್ತಿತ್ತು. ನಾವು ಬಿಸಿ ರೊಟ್ಟಿಗೆ ಶೇಂಗಾ ಹಿಂಡಿ, ಕೆನಿಮಸರ ಹಚಗೊಂಡ ತಿಂದು ಚಿಣಿಪಣಿ ಆಡಾಕ ಓಡಿದ್ರ ಆಯಿ ಹೆಂಡಿ ಬಳೀಬೇಕು, ಮಜ್ಜಿಗಿ ಕಡೀಬೇಕು, ಕಾಳ ಹಸನ ಮಾಡಬೇಕು, ನಮ್ಮ ಜಗಳಾ ಬಿಡಸಬೇಕು. ಸಂಜಿಗೆ ಮತ್ತ ತಪ್ ತಪ್. ಆಕಿ ಕುಂತ ಉಂಡದ್ದ ನಾ ನೋಡಿದ ನೆನಪಿಲ್ಲ.

ನನ್ನ ಪ್ರತಾಪ ಸಣ್ಣದಲ್ರಿ. ಮಾನಮಿ ದಿನ ಬನ್ನಿ ಬದಲಿ ಜಾಲಿ ಎಲಿ ಹಂಚಿ, ಅರ್ಧ ಊರಿನ ಹಿರ್ಯಾರ ಕಾಲ ಬಿದ್ದು ಆಶೀರ್ವಾದ ತಗೊಂಡಾಂವ ನಾ. ಎರಡೂ ಎಲಿ ಒಂದ ನಮೂನಿ ಕಾಣ್ತಾವು. ಬಂಗಾರ ಅಂತ ಕಣ್ಣಿಗೊತ್ತಿಕೊಂಡು ಪಟಗದಾಗ ಸಿಗಿಸಿಕೊಂಡ್ರು. ಮಲಗಿದ್ದ ಮಾಮಾನ ಧೋತರದ ಚುಂಗ ಎತ್ತಿನ ಗೂಟಕ್ಕ ಕಟ್ಟಿದ್ದೂ ನಾನ. ಆಯಿಗಿ ಎಲ್ಲಾ ಗೊತ್ತಾಗ್ತಿತ್ತು. ಬೈತಿರಲಿಲ್ಲ. ಬೈಯಾಕೂ ತಾಕತ್ತ ಬೇಕಲ್ಲ.

ದೀಪಾಳಗಿ ಸೂಟ್ಯಾಗ ಮಧ್ಯಾನ ಆಯಿ ಪಡಸಾಲ್ಯಾಗ ಬೋರಲ ಮಲಗಿ, ಬೆನ್ನ ತುಳಿ ಬಾ ಅಂತ ನನ್ನ ಕರೀತಿದ್ಲು. ನಾ ಗ್ವಾಡಿ ಹಿಡಕೊಂಡು ಆಕಿ ಬೆನ್ನ ಮ್ಯಾಲ ಆ ತುದಿಯಿಂದ ಈ ತುದಿಗೆ ನಡೀತಿದ್ದೆ. ಅಂಗಾಲಿಗೆ ಎಲುಬ ಹತ್ತತಿದ್ವು, ಲಟಕ್ ಲಟಕ್ ಅಂತಿದ್ವು. ಮುಗದ ಮ್ಯಾಲ ಒಂದ ತುಣಕ ಬೆಲ್ಲ. ಒಂದಿನ ಹಂಗ ತುಳಿಯೂಮುಂದ ಆಯಿ ಕೆಳಗಿಂದ ಅಂದ್ಲು:

"ಆ ಹಂಚ ಒಂದಿನ ತಾನಾಗೇ ಎಲ್ಲೆರೆ ಹೋಗಿಬಿಟ್ರ ಚಲೋ ನೋಡು. ನಾ ನಡು ಚಾಚಿ ಮಲಗ್ತೇನಿ."

ನಾ ನಿಂತೆ.

"ನಿಂದರಬ್ಯಾಡೊ ಯಪ್ಪಾ, ತುಳಿ."

ಎಳ್ಳಮಾಸಿಗೆ ಹೋಗಿ ನೋಡಿದ್ರ ಆಯಿಯ ಬಲಗೈ ಮಣಿಕಟ್ಟ ಬಾತು ಬದನಿಕಾಯಿ ಆಗಿತ್ತು. ಅತ್ತಿ ಚೊಚ್ಚಲ ಹೆರಿಗಿಗೆ ಹೊರ್ತಿ ಊರಿಗೆ, ತನ್ನ ತವರಿಗೆ ಹೋಗಿದ್ಲು. ಎಳ್ಳಮಾಸಿ ಅಂದ್ರ ಗೊತ್ತಲ್ಲ, ಹೊಲಕ್ಕ ಹೋಗಿ ಚರಗಾ ಚೆಲ್ಲಿ, ಬೆಳದ ನಿಂತ ಜ್ವಾಳಕ್ಕ ಉಣಿಸಿ, ಬಂದ ಬೀಗರಿಗೂ ಉಣಸಬೇಕು. ಎಳ್ಳ ಹಚ್ಚಿದ ಸಜ್ಜಿ ರೊಟ್ಟಿ ಮೊದಲ ಬಡದು, ಒಣಗಿಸಿ ಒಟ್ಟಿ ಇಡಬೇಕು. ಆಯಿ ಮಣಿಕಟ್ಟಿಗೆ ಅರಿಬಿ ಸುತಗೊಂಡು ಎಡಗೈಲೆ ಬಡದು ನೋಡಿದ್ಲು. ರೊಟ್ಟಿ ಹರೀತು. ಇನ್ನೊಂದ ಬಡದ್ಲು, ಅದೂ ಹರೀತು. ಹರದವು ಎರಡೂ ತಿರಗಿ ಹಿಟ್ಟಿನ ಮುದ್ದಿಗೆ ಕೂಡಿಸಿದ್ಲು. ಆಮ್ಯಾಲ ಮತ್ತ ಬಲಗೈ ಹಚ್ಚಿದ್ಲು.

ಆ ಸಂಜಿ ಎಲ್ಲಾರೂ ಉಂಡ ಮ್ಯಾಲ, ಗ್ವಾಡಿಗೆ ಆನಿಸಿಟ್ಟಿದ್ದ ತಣ್ಣನ ಹಂಚ ತಗೊಂಡು ನಾ ಹೊಟ್ಟಿನ ಕೋಣಿಗೆ ಹೋದೆ. ಎತ್ತಿಗಿ ಹಾಕೂ ಹೊಟ್ಟ ಮಾಳಗಿಮಟ ತುಂಬಿದ ಕೋಣಿ ಅದು. ಮೈ ಎಲ್ಲಾ ತುರಸ್ತೈತಿ. ಹಂಚ ಅದರಾಗ ಹುಗದ ಬಂದೆ. ಆಯಿ ಮ್ಯಾಲಿನ ಪ್ರೀತಿಗೆ ಮಾಡಿದ್ಯಾ ಅಂತ ಕೇಳಬ್ಯಾಡ್ರಿ. ಮುಂಜಾನಿ ಮುತ್ಯಾನ ಮುಖಾ ಹೆಂಗ ಆಗ್ತೈತಿ ನೋಡಬೇಕಂತ ಅರ್ಧ ಮಾಡಿದ್ದೆ. ಉಳಿದ ಅರ್ಧ ಯಾಕಂತ ಆವಾಗ ನನಗೂ ತಿಳಿದಿದ್ದಿಲ್ಲ.

ಮರದಿನ ನನಗ ಎಚ್ಚರಾಗಿದ್ದು ಸಪ್ಪಳ ಬರಲಾರದ್ದಕ್ಕ. ಹೋಗಿ ನೋಡಿದ್ರ ಮುತ್ಯಾ ಅಡಗಿಮನಿ ಬಾಗಲದಾಗ ನಡುವಿನ ಮ್ಯಾಲ ಕೈ ಇಟ್ಟ ನಿಂತಾನ. ಒಲಿ ಉರೀಲಾರದ ಹಂಗ ಐತಿ. ಆಯಿ ಒಲಿ ಮುಂದ ಕುಂತಾಳ.

"ಹಂಚಿಗೇನ ಕಾಲ ಬಂದ್ವೇನ?" ಅಂದ ಮುತ್ಯಾ.

"ನಿಮ್ಮ ಮನ್ಯಾಗ ನಲವತ್ತ ವರ್ಷ ಸುಟಗೊಂಡೈತಿ. ಬ್ಯಾಸತ್ತ ಹೋಗಿರಬೇಕ್ರಿ," ಅಂದ್ಲು ಆಯಿ, ತಲಿ ಎತ್ತಲಿಲ್ಲ.

ಬಾಜೂ ಮನಿಯಿಂದ ತರೂಣು ಅಂದ್ರ ಎಳ್ಳಮಾಸಿ ಮುಂದ ಯಾರ ಹಂಚೂ ಒಲಿ ಬಿಟ್ಟ ಇಳಿಯಂಗಿಲ್ಲ. ಮುತ್ಯಾ ನಾಕ ಮನಿ ತಿರಗಿ ಖಾಲಿ ಕೈಲೆ ಬಂದ. ಕಡೀಕ ಮಾಮಾ ಹೊಸಾ ಹಂಚ ತರಾಕ ಬಾಗೇವಾಡಿ ಬಸ್ ಹತ್ತಿದ. ತಿರಗಿ ಬರೂದು ಸಂಜಿ ಬಸ್ಸಿಗೆ. ಆಯಿ ನನ್ನ ಹತ್ತರ ಬಂದು, ನನ್ನ ತಲ್ಯಾಗಿಂದ ಏನೋ ತಗದು ಬೆರಳಾಗ ಹಿಡದ್ಲು.

"ಹೊಟ್ಟ ಐತಿ. ಝಾಡಿಸ್ಕೊ. ಮುತ್ಯಾ ನೋಡ್ಯಾನು."

ಈಗ ಹೇಳ್ತಾಳ, ಆಗ ಹೇಳ್ತಾಳ ಅಂತ ನಾ ಕಂಬದ ಮರಿಗೆ ನಿಂತೆ. ಆಯಿ ಯಾರಿಗೂ ಹೇಳಲಿಲ್ಲ. ಪಡಸಾಲ್ಯಾಗ ಬಿಸಲ ಬಿದ್ದಲ್ಲಿ ಕೌದಿ ಹಾಸಿ, ಬಾತ ಕೈ ಎದಿ ಮ್ಯಾಲ ಇಟಗೊಂಡು ಮಲಗಿದ್ಲು. ಮಲಗಿದಾಕಿ ಸಂಜಿತನಾ ಏಳಲಿಲ್ಲ. ಬಿಸಲ ಸರದಂಗ ನಾವ ಕೌದಿ ಸಮೇತ ಆಕಿನ ಸರಸಿದ್ವಿ, ಆದ್ರೂ ಎಚ್ಚರಿಲ್ಲ. ಹುಟ್ಟಿದಾಗಿಂದ ಒಲಿ ಕಡೆ ಹಾಯಲಾರದ ಮುತ್ಯಾ ಜ್ವಾಳದ ನುಚ್ಚಿಗೆ ಎಸರ ಇಟ್ಟ. ತಳಾ ಹತ್ತಿ ಓಣ್ಯಾಗಿನ ನಾಯಿ ಸೈತ ಸೀನಿದ್ವು. ಆ ವಾಸನಿಗೂ ಆಯಿ ಹೊರಳಲಿಲ್ಲ. ನಾವು ಕರಕ ನುಚ್ಚಿಗೆ ಮಜ್ಜಿಗಿ ಸುರಕೊಂಡ ಉಂಡ್ವಿ, ಮುತ್ಯಾನ ಮುಂದ ಯಾರೂ ಹೆಸರ ಇಡಲಿಲ್ಲ.

ಸಂಜಿಗೆ ನನಗ ಅಂಜಿಕಿ ಹತ್ತಿತು. ಮಾಮಾ ಬರೂದ್ರಾಗ ಹಂಚ ಇದ್ದಲ್ಲಿ ಇಡೂಣಂತ ಹೊಟ್ಟಿನ ಕೋಣಿಗೆ ಹೋಗಿ ಕೈ ಹಾಕಿದ್ರ ಹಂಚ ಇಲ್ಲ. ಮೊಣಕೈತನಾ ಹಾಕಿದೆ, ಇಲ್ಲ. ಹೊಟ್ಟ ತೋಡಿ ತೋಡಿ ಮೂಲಿಗೆ ಹೋದ್ರ ಅಲ್ಲಿ ನೆಲಕ್ಕ, ಆಯಿಯ ಹಳೇ ಸೀರಿ ತುಂಡಿನಾಗ ಸುತ್ತಿಟ್ಟ ಹಂಚ ಸಿಕ್ಕಿತು. ಹಿಂದ ಬಾಗಲದಾಗ ಆಯಿ ನಿಂತಿದ್ಲು. ನಸಿಕಿನ್ಯಾಗ ಎತ್ತಿಗಿ ಹೊಟ್ಟ ತಗಿಯಾಕ ಬಂದಾಗ ಆಕಿಗಿ ಸಿಕ್ಕಿತ್ತಂತ.

"ಅಷ್ಟ ಮ್ಯಾಲ ಇಡ್ತಾರೇನೊ? ಮುತ್ಯಾ ಬುಟ್ಟಿ ಹಾಕಿದ್ರ ಕೈಗೆ ಬರ್ತಿತ್ತು," ಅಂದ್ಲು. "ಮುಚ್ಚಿಡಾಕೂ ಕಲೀಬೇಕ."

ಅಷ್ಟ ಅಂದಾಕಿ ಹಂಚ ಬಗಲಾಗ ಹಿಡಕೊಂಡ ಹೋದ್ಲು. ಮಾಮಾ ಹೊಸಾ ಹಂಚ ತಂದ. ಮನ್ಯಾಗ ಎರಡ ಹಂಚ ಆದ್ವು. ಮರದಿನ ಆಯಿ ಎರಡೂ ಒಲಿ ಹೊತ್ತಿಸಿ, ಕಳದ ದಿನದ್ದೂ ಸೇರಿಸಿ ರೊಟ್ಟಿ ಬಡದ್ಲು. ಕೌದ್ಯಾಗ ಮಲಗಿ ನಾ ಎಣಿಸಾಕ ಹೋಗಿ ಬಿಟ್ಟೆ. ನನ್ನ ಕಿತಬಿಯಿಂದ ಆಕಿ ಕೆಲಸ ಒಂದ ರೊಟ್ಟಿನೂ ಕಡಿಮಿ ಆಗಲಿಲ್ಲ. ಆ ಮುಂಜಾನಿ ಮೊದಲನೇ ಸರ್ತಿ ಆ ಸಪ್ಪಳ ಕಿವಿಗೆ ಬ್ಯಾಡಾತು.

ಈಗ ಆಯಿಯ ಆವಾಗಿನ ವಯಸ್ಸ ದಾಟೇನಿ. ಎಳ್ಳಮಾಸಿಗೂ ರೊಟ್ಟಿ ಪಾಕೀಟಿನ್ಯಾಗ ಬರ್ತಾವು. ಸೊಸಿ ಸಾಲಿ ಕಲಿಸಾಕ ಹೋಗ್ತಾಳ. ಆಕಿ ಮಣಿಕಟ್ಟ ಬಾತಿಲ್ಲ, ಅದಕ್ಕ ನನ್ನ ತಕರಾರಿಲ್ಲ. ಖರೆ, ದಿನಾ ಮುಂಜಾನಿ ಸಪ್ಪಳಿಲ್ಲದ ಮನ್ಯಾಗ ಎಚ್ಚರಾಗ್ತೇನಿ, ಯಾರೋ ಹಂಚ ಮುಚ್ಚಿಟ್ಟಾರ ಅನಸ್ತೈತಿ. ಬೆನ್ನ ತುಳಿ ಬಾ ಅಂತ ಮಮ್ಮಗನ ಕರದ್ರ, "ಮುತ್ಯಾ, ನಾ ನಲವತ್ತ ಕಿಲೋ ಅದೇನಿ, ನೀ ಮುರೀತಿ" ಅಂತಾನ. ಮಧ್ಯಾನ ಬೇಕಾದಷ್ಟ ಹೊತ್ತ ಮಲಗಬಹುದು, ಯಾರೂ ಕೇಳಂಗಿಲ್ಲ. ನಿದ್ದಿ ಬರಂಗಿಲ್ಲ.

ಇಷ್ಟೊತ್ತ ಕೇಳೀರಿ, ಒಂದ ಖರೆ ಹೇಳಿಬಿಡ್ತೇನಿ. ಹಂಚ ಮುಚ್ಚಿಟ್ಟಿದ್ದ ಖರೆ. ಮುತ್ಯಾ ನುಚ್ಚ ಸೀದಿಸಿದ್ದ ಖರೆ. ಸೀರಿ ತುಂಡೂ ಖರೆ. ಆಯಿ ಸಂಜಿತನಾ ಮಲಗಿದ್ಲು ಅಂದ್ನಲ್ಲ, ಅದೊಂದ ಸುಳ್ಳ. ನುಚ್ಚ ಹತ್ತಿದ ವಾಸನಿ ಬರೂತ್ಲೇ ಎದ್ದು, ಮುತ್ಯಾನ ಕೈಯಾಗಿನ ಸೌಟ ಕಸಗೊಂಡ್ಲು. ಆಮ್ಯಾಲ ಕುಂಡರಲಿಲ್ಲ. ಅಲ್ಲಿಂದ ಸಂಜಿತನಕದ ನಿದ್ದಿ ನಾ ಕೂಡಿಸಿದ್ದು. ಇಷ್ಟ ವರ್ಷದಾಗ ಹೇಳಿ ಹೇಳಿ ಅಷ್ಟ ಉದ್ದ ಆಗೇತಿ.

ಮಲಗಲಿ. ನೀವೂ ಎಬ್ಬಸಬ್ಯಾಡ್ರಿ.