ನಲವತ್ತು ಡಬ್ಬಿಯ ಚೀಟಿಗಾಡಿ

ಕಾಕಾನ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಅರ್ಧ ತೋಳಿನ ಅಂಗಿ ಹಾಕಿಕೊಂಡು ಕುಳಿತರೆ ಇಬ್ಬರು ಬೇರೆ ಬೇರೆ ಮನುಷ್ಯರ ಕೈಗಳನ್ನು ತಂದು ಜೋಡಿಸಿದ ಹಾಗೆ ಕಾಣುತ್ತಿತ್ತು. ಮಿರಜ ಜಂಕ್ಷನ್ನಿನ ಕ್ಯಾಬಿನ್ನಿನಲ್ಲಿ ಮೂವತ್ತಮೂರು ವರ್ಷ ಸಿಗ್ನಲ್ಲಿನ ಲಿವರ್ ಎಳೆದ ಕೈ ಅದು. ಎಡ ಹೆಗಲ ಮೇಲೆ ಸದಾ ಒಂದು ಬಿಳಿ ಅರಿವೆ. ಬರಿಗೈಯಿಂದ ಹಿಡಿದರೆ ಬೆವರು ತಾಗಿ ಲಿವರ್ ತುಕ್ಕು ಹಿಡಿಯುತ್ತದೆಂದು ಕ್ಯಾಬಿನ್ನಿನವರೆಲ್ಲ ಅರಿವೆ ಸುತ್ತಿಯೇ ಎಳೆಯುತ್ತಿದ್ದರಂತೆ. ನಿವೃತ್ತರಾದ ಮೇಲೂ ಕಾಕಾ ಆ ಅರಿವೆ ಬಿಡಲಿಲ್ಲ. ಟಿವಿಯ ರಿಮೋಟು, ಕುಕ್ಕರಿನ ಹಿಡಿಕೆ, ಫ್ರಿಜ್ಜಿನ ಬಾಗಿಲು ಎಲ್ಲವನ್ನೂ ಅರಿವೆಯಿಂದಲೇ ಮುಟ್ಟುವರು. ನಮ್ಮ ಹದಿನಾಲ್ಕು ವರ್ಷದ ಫ್ರಿಜ್ಜು ಒಳಗೆ ಹೇಗೇ ಇರಲಿ, ಅದರ ಹಿಡಿಕೆ ಮಾತ್ರ ಇವತ್ತಿಗೂ ಅಂಗಡಿಯಿಂದ ಈಗ ಬಂದಂತೆ ಹೊಳೆಯುತ್ತದೆ.

ಅವರು ನನ್ನ ಗಂಡನ ಕಾಕಾ, ಮಾವನವರ ತಮ್ಮ. ಮದುವೆಯಾಗಿರಲಿಲ್ಲ. ಕೆಳಗಿನ ಕೋಣೆ ಅವರದು, ಮಾಳಿಗೆಯ ಮೇಲೆ ನಾನು, ಗಂಡ, ಮಗಳು. ನಾನು ಈ ಮನೆಗೆ ಬಂದಾಗ ಧಾರವಾಡದ ಕಾನ್ವೆಂಟಿನಲ್ಲಿ ಕಲಿತ ಇಂಗ್ಲಿಷ್ ಪದ್ಯಗಳೆಲ್ಲ ಬಾಯಿಪಾಠ ಇದ್ದವು. ಮರಾಠಿಯಲ್ಲಿ ಒಂದು ಸೂಡು ಕೊತ್ತಂಬರಿ ಕೇಳಲು ಬರುತ್ತಿರಲಿಲ್ಲ. ಮೊದಲನೆಯ ವಾರ ಕಾಯಿಪಲ್ಲೆ ತರಲು ಹೊರಟವಳು ದಾರಿ ತಪ್ಪಿ, ಯಾರನ್ನೂ ಕೇಳಲು ನಾಚಿ, ಒಂದು ತಾಸು ತಿರುಗಿ ಬರಿ ಚೀಲ ತೂಗಿಸಿಕೊಂಡು ಮನೆಗೆ ಬಂದೆ. ಮರುದಿನ ಚೀಲದಲ್ಲಿ ಒಂದು ಚೀಟಿ ಇತ್ತು. ಮುತ್ತು ಪೋಣಿಸಿದಂಥ ಕನ್ನಡ ಅಕ್ಷರ. ಯಾವ ಮೂಲೆಯಲ್ಲಿ ತಿರುಗಬೇಕು, ಯಾವ ಅಂಗಡಿಯ ಹಲಗೆ ಯಾವ ಬಣ್ಣದ್ದು ಎಲ್ಲ ಬರೆದು, ನಾಲ್ಕನೆಯ ಸಾಲಿನಲ್ಲಿ, "ಇಲ್ಲಿ ಒಂದು ನಾಯಿ ಮಲಗಿರುತ್ತದೆ. ಏನೂ ಮಾಡುವುದಿಲ್ಲ" ಎಂದಿತ್ತು. ನಾಯಿ ಹೇಳಿದ ಜಾಗದಲ್ಲೇ ಮಲಗಿತ್ತು. ಏನೂ ಮಾಡಲಿಲ್ಲ.

ಇಂಥ ಚೀಟಿ ಬರೆಯುವುದು ಅವರ ನಿವೃತ್ತಿಯ ನೌಕರಿ ಎಂದು ಆಮೇಲೆ ತಿಳಿಯಿತು. ದಿನಾ ಮುಂಜಾನೆ ಚಹಾ ಕುಡಿದು ಸ್ಟೇಶನ್ನಿಗೆ ಹೋಗುವರು. ಮಿರಜದ ದೊಡ್ಡ ದವಾಖಾನೆಗೆಂದು ಕರ್ನಾಟಕದ ಕಡೆಯ ಗಾಡಿಯಿಂದ ಇಳಿಯುವ ರೋಗಿಗಳು ದೂರದಿಂದಲೇ ಗುರುತು ಸಿಗುತ್ತಿದ್ದರಂತೆ: ಒಬ್ಬರ ಕೈಯಲ್ಲಿ ಎಕ್ಸ್‌ರೇ ಲಕೋಟೆ, ಇನ್ನೊಬ್ಬರ ಕೈಯಲ್ಲಿ ರೊಟ್ಟಿ ಗಂಟು, ಇಬ್ಬರ ಮುಖದಲ್ಲೂ ಎಲ್ಲಿಗೆ ಹೋಗಬೇಕೆಂಬ ಚಿಂತೆ. ಹಲಗೆಗಳೆಲ್ಲ ಮರಾಠಿ. ಅವರ ಕೈಗೆ ಕಾಕಾ ಒಂದು ಕನ್ನಡ ಚೀಟಿ ಕೊಡುವರು. ಯಾವ ಗೇಟು, ಯಾವ ಕಿಟಕಿಯಲ್ಲಿ ಹೆಸರು ಹಚ್ಚಬೇಕು, ಮರಳುವ ಗಾಡಿ ಯಾವುದು. ಎಲ್ಲ ಚೀಟಿಯ ಮೊದಲ ಸಾಲೂ ಒಂದೇ: "ಮೊದಲು ಕುಳಿತು ಚಹಾ ಕುಡಿಯಿರಿ." ನಾನು ಯಾಕೆಂದು ಕೇಳಿದ್ದಕ್ಕೆ ಹೇಳಿದ್ದರು, "ಅಂಜಿದ ಮನಷ್ಯಾಗ ಎಡಾ ಬಲಾ ತಿಳಿಯಂಗಿಲ್ಲವಾ. ಮೊದಲ ಚಾ, ಆಮ್ಯಾಲ ದಾರಿ."

ಐದಾರು ವರ್ಷದ ಹಿಂದೆ ಆ ದಪ್ಪ ಕೈಯೇ ನಡುಗಲು ಹತ್ತಿತು. ಬಸಿಯಲ್ಲಿ ಚಹಾ ತುಳುಕುತ್ತಿತ್ತು, ಅದಕ್ಕೆ ಅವರು ಚಿಂತೆ ಮಾಡಲಿಲ್ಲ, ಲೋಟದಲ್ಲಿ ಕುಡಿಯತೊಡಗಿದರು. ಆದರೆ ಅಕ್ಷರ ಇರುವೆಯ ಸಾಲು ಕಲಕಿದಂತಾಯಿತು. ಒಂದು ದಿನ ಕಣ್ಣಿನ ಆಪರೇಶನ್ನಿಗೆ ಬಂದ ಗಂಡ ಹೆಂಡತಿ ಅವರ ಚೀಟಿ ಓದಿಕೊಂಡು ಸೀದಾ ಸಿತಾರ ಮಾಡುವವರ ಓಣಿಗೆ ಹೋಗಿ, ಒಂದು ಅಂಗಡಿಯ ಕಟ್ಟೆಯ ಮೇಲೆ ಡಾಕ್ಟರರ ದಾರಿ ಕಾಯುತ್ತ ಕುಳಿತುಬಿಟ್ಟರು. ಒಳಗೆ ಸಿತಾರಕ್ಕೆಂದು ಸಾಲಾಗಿ ತೂಗುಬಿಟ್ಟ ಸೋರೆಬುರುಡೆ ನೋಡಿ ಆ ಯಜಮಾನ ಇದೆಂಥ ದವಾಖಾನೆ ಎಂದು ಗಾಬರಿಯಾದನಂತೆ. ಸಿತಾರದವರೇ ಚಹಾ ಕೊಟ್ಟು ಜೊತೆಗೆ ಮನುಷ್ಯನನ್ನು ಮಾಡಿ ಕಳಿಸಿದರು. ಸಂಜೆ ಅದೇ ಗಂಡ ಹೆಂಡತಿ ಸ್ಟೇಶನ್ನಿನಲ್ಲಿ ಇದನ್ನು ನಗುನಗುತ್ತ ಹೇಳಿದರಂತೆ.

ಕಾಕಾ ನಗಲಿಲ್ಲ. ಅಂದು ಊಟಕ್ಕೂ ಮೇಲೆ ಬರಲಿಲ್ಲ. ತಾಟು ಹಿಡಿದು ಕೆಳಗೆ ಹೋದೆ. ತಮ್ಮ ಕೈಯನ್ನೇ ನೋಡುತ್ತ ಕುಳಿತಿದ್ದರು. ನಾಳೆಯಿಂದ ಸ್ಟೇಶನ್ನಿಗೆ ಹೋಗುವುದಿಲ್ಲ ಎಂದರು. "ಸಿಗ್ನಲ್ ಸರಿ ಕಾಣಂಗಿಲ್ಲಂದ್ರ ಅದನ್ನ ತಗದ ಹಾಕಬೇಕು. ಮಂದಿನ್ನ ದಾರಿ ತಪ್ಪಸೂದಕ್ಕಿಂತ ಅದ ಛಲೋ."

ಮುಂದೆ ಎಂಟು ದಿನ ಅವರು ಮನೆಯಲ್ಲೇ ಕುಳಿತರು. ಮನೆಯ ಹಿಡಿಕೆಗಳೆಲ್ಲ ಇನ್ನಷ್ಟು ಹೊಳೆದವು. ನನಗೆ ನೋಡಲಾಗಲಿಲ್ಲ. ಮಗಳ ಶಾಲೆಯ ಕೆಲಸಕ್ಕೂ ಆಗುತ್ತದೆ ಎಂದು ಗಂಡನಿಗೆ ಹೇಳಿ ಸಾಂಗ್ಲಿಯಿಂದ ಒಂದು ವೈರ್‌ಲೆಸ್ ಪ್ರಿಂಟರ್ ತರಿಸಿದೆ. ಚೀಟಿಯನ್ನು ನಾನು ಮೊಬೈಲಿನಲ್ಲಿ ಬರೆದುಕೊಡುವುದು, ಕಾಕಾ ಬೇಕಾದಾಗ ಒತ್ತುವುದು. ಝೆರಾಕ್ಸ್ ಅಂಗಡಿಯಲ್ಲಿ ಒಮ್ಮೆಲೇ ನೂರು ತೆಗೆಸಿದರಾಗದೇ ಎಂದು ಗಂಡ ಕೇಳಿದರು. ಆಗುವುದಿಲ್ಲ ಎಂದರು ಕಾಕಾ. ಈ ವಾರ ರಸ್ತೆ ಅಗೆಯುತ್ತಾರೆ, ಮುಂದಿನ ವಾರ ಒಂದು ಗೇಟು ಮುಚ್ಚುತ್ತಾರೆ. ಹಳೆಯ ಚೀಟಿ ಅಂದರೆ ಹಳೆಯ ಟೈಮ್‌ಟೇಬಲ್ ಇದ್ದ ಹಾಗೆ.

ಪ್ರಿಂಟರ್ ಹೂಡಿದ್ದು ಒಂದು ರವಿವಾರ. ಮೇಲಿನ ಪಡಸಾಲೆಯಲ್ಲಿ, ವೈಫೈ ಡಬ್ಬಿಯ ಪಕ್ಕದಲ್ಲಿ. ಗಂಡ ಪೆಟ್ಟಿಗೆ ಬಿಚ್ಚಿ, ಒಳಗೆಲ್ಲ ಅಂಟಿಸಿದ್ದ ನೀಲಿ ಪಟ್ಟಿಗಳನ್ನು ಕಿತ್ತು, ಒಂದನ್ನು ಕೀಳುವುದು ಮರೆತು, ಪ್ರಿಂಟರ್ ಕರಕರ ಎಂದಾಗ ಕಂಪನಿಯವರನ್ನು ಬೈದು, ಚಹಾ ಕೇಳಿದರು. ಉಳಿದದ್ದನ್ನು ನಾನೇ ಪುಸ್ತಕ ಓದಿ ಮಾಡಿದೆ. ಅದರ ನೀಲಿ ದೀಪ ಮಿಣುಕುತ್ತಿರುವಷ್ಟು ಹೊತ್ತು ಕಾಕಾ ಅದರ ಎದುರು ಎದ್ದು ನಿಂತೇ ಇದ್ದರು. ದೀಪ ನಿಚ್ಚಳವಾಗಿ ನಿಂತ ಮೇಲೆ, "ಸಿಗ್ನಲ್ ಬಿತ್ತು" ಎಂದು ಕುಳಿತರು.

ಆಮೇಲೆ ಕಾಯಿದೆ ಹೇಳಿದರು. ರೈಲಿನಲ್ಲಿ ಮುಂದಿನ ಸ್ಟೇಶನ್ನಿನವರು ದಾರಿ ಖಾಲಿ ಇದೆ ಎಂದು ಒಪ್ಪಿಗೆ ಕೊಡದೆ ಗಾಡಿ ಬಿಡುವ ಹಾಗಿಲ್ಲ. ಅದಕ್ಕೆ ಲೈನ್ ಕ್ಲಿಯರ್ ಎನ್ನುತ್ತಾರೆ. ಒಪ್ಪಿಗೆಯ ಜೊತೆ ಒಂದು ಸಂಖ್ಯೆ ಹೇಳಬೇಕು, ಕೇಳಿದವರು ಅದನ್ನು ತಿರುಗಿ ಹೇಳಬೇಕು. ಆಗ ಇಬ್ಬರ ಕಿವಿಗೂ ಮಾತು ಬಿದ್ದದ್ದು ಖಾತ್ರಿ. ಬಿಟ್ಟ ಗಾಡಿ ಮುಟ್ಟುವ ತನಕ ಅದೇ ದಾರಿಗೆ ಇನ್ನೊಂದನ್ನು ಬಿಡಬಾರದು. ಪ್ರಿಂಟರ್ ಮೇಲೆ, ಕಾಕಾ ಕೆಳಗೆ. ಹಾಗಾಗಿ ನಾನು ಮುಂದಿನ ಸ್ಟೇಶನ್ನು.

ಅಲ್ಲಿಂದ ನಮ್ಮ ಮನೆಯಲ್ಲಿ ತಂತಿಯಿಲ್ಲದ ಯಂತ್ರಕ್ಕೆ ಬಾಯಿಯ ತಂತಿ ಬಂತು. ಜಿನದ ಕೆಳಗಿನ ಮೆಟ್ಟಿಲಿನಿಂದ ಕೂಗು: "ಲೈನ್ ಕ್ಲಿಯರ್ ಕೊಡವಾ!" ನಾನು ಒಲೆ ಸಣ್ಣ ಮಾಡಿ ಬಂದು, ಹಾಳೆ ಇದೆಯೇ, ಸಿಕ್ಕಿಕೊಂಡಿದೆಯೇ ನೋಡಿ, "ಲೈನ್ ಕ್ಲಿಯರ್ ರಿ, ನಂಬರ್ ನಲವತ್ತೇಳು" ಎನ್ನಬೇಕು. "ನಲವತ್ತೇಳು" ಎಂದು ಕೆಳಗಿನಿಂದ ಮರುದನಿ. ಅರಿವೆಯಲ್ಲಿ ಬೆರಳು ಸುತ್ತಿ ಒತ್ತಿದರೆ ಮೊಬೈಲು ಕೇಳುವುದಿಲ್ಲ. ಆ ಒಂದು ವಿಷಯದಲ್ಲಿ ಮಾತ್ರ ಕಾಕಾ ಸೋತು ಬರಿ ಬೆರಳಿನಿಂದ ಒತ್ತಿ, ಆಮೇಲೆ ಒರೆಸುತ್ತಿದ್ದರು. ಹಾಳೆ ಹೊರಬಂದ ಮೇಲೆ ನಾನು "ಗಾಡಿ ಬಂತ್ರಿ" ಎನ್ನಬೇಕು. ಒಮ್ಮೆ ಎಣ್ಣೆಯಲ್ಲಿ ಪೂರಿ ಇದ್ದಾಗ ಹೇಳುವುದು ಮರೆತೆ. ಮಗಳು ತನ್ನ ಮೊಬೈಲಿನಿಂದ ಗಣಿತದ ಹಾಳೆ ತೆಗೆಯಲು ಹೊರಟರೆ ಕಾಕಾ ಬಿಡಲೇ ಇಲ್ಲ. ಹಾಳೆ ಹೊರಗೆ ಬಿದ್ದಿದೆ ಎಂದು ಅವಳು ತೋರಿಸಿದರೂ, ಸ್ಟೇಶನ್ನಿನವರು ಹೇಳಬೇಕು, ಪ್ರಯಾಣಿಕರಲ್ಲ ಎಂದರು.

ಕಾಕಾ ಮತ್ತೆ ಸ್ಟೇಶನ್ನಿಗೆ ಹೋಗತೊಡಗಿದರು. ಅಂಗಿಯ ಕಿಸೆಯಲ್ಲಿ ಮಡಿಸಿದ ಅಚ್ಚುಚೀಟಿಗಳು. ಯಾರೂ ಸಿತಾರದ ಓಣಿಗೆ ಹೋಗಲಿಲ್ಲ.

ಆಮೇಲೆ ಆ ಅಮಾವಾಸ್ಯೆಯ ದಿನ ಬಂತು. ಮುಂಜಾನೆ ಹತ್ತಕ್ಕೆ ಕಾಕಾ ಕೆಳಗಿನಿಂದ ಲೈನ್ ಕ್ಲಿಯರ್ ಕೇಳಿ, ನಲವತ್ತು ಚೀಟಿ ಒಮ್ಮೆಲೇ ಬಿಟ್ಟರು. ನಲವತ್ತು ಡಬ್ಬಿಯ ಗೂಡ್ಸ್ ಗಾಡಿ ಎಂದು ಹೆಮ್ಮೆಯಿಂದ ಹೇಳಿಯೂ ಹೇಳಿದರು. ಬರಲಿಲ್ಲ. ಹನ್ನೊಂದಾಯಿತು, ಹನ್ನೆರಡಾಯಿತು. ಇನ್ನೊಮ್ಮೆ ಒತ್ತಿ ನೋಡಿರಿ ಎಂದೆ. ಅವರು ನನ್ನನ್ನು ನೋಡಿದ ರೀತಿಗೆ ಎರಡು ಗಾಡಿಗಳ ಡಿಕ್ಕಿಯನ್ನು ನಾನೇ ಮಾಡಿಸಿದಂತೆ ಅನಿಸಿತು. "ಗಾಡಿ ಸೆಕ್ಷನ್ನ್ಯಾಗ ಐತಿ. ಎಲ್ಲಿ ಹೋಗತೈತಿ? ಬರತೈತಿ." ಮಗಳ ವಿಜ್ಞಾನದ ಚಿತ್ರ ಮಧ್ಯಾಹ್ನವಿಡೀ ಔಟರ್ ಸಿಗ್ನಲ್ಲಿನಲ್ಲಿ ನಿಂತಿತು.

ನಾಲ್ಕರ ಹೊತ್ತಿಗೆ ಪಕ್ಕದ ಮನೆಯ ಮಾವಶಿ ಬಂದರು. ಮರಾಠಿ ಮನೆಯವರು, ತವರು ಮ್ಹೈಸಾಳ; ನಮ್ಮ ಮಾತು ತಿಳಿಯುತ್ತದೆ, ಒಡೆದೊಡೆದು ಮಾತಾಡುತ್ತಾರೆ, ಕನ್ನಡ ಅಕ್ಷರ ಒಂದೂ ಬಾರದು. ಅವರ ಕೈಯಲ್ಲಿ ರೊಟ್ಟಿ ತಿರುವುವ ಇಕ್ಕಳ, ಇಕ್ಕಳದಲ್ಲಿ ಒಂದು ಕಟ್ಟು ಹಾಳೆ. ಅದನ್ನು ಮೈಯಿಂದ ದೂರ ಹಿಡಿದಿದ್ದರು.

"ನಾ ಒಬ್ಬಾಕಿನ ಇದ್ನಿರಿ ಮನ್ಯಾಗ" ಎಂದರು. "ಮಗ ಇಟ್ಟ ಮಶೀನ್ ತಾನ ಎದ್ದು ಬರಿಯಾಕ ಹತ್ತಿತು. ಯಾರೂ ಮುಟ್ಟಿಲ್ಲ. ಆಜ ಅಮಾವಾಸ್ಯಾ, ಅದ್ರಾಗ ಅಕ್ಷರ ಕಾನಡಿ!"

ಅವರು ಅದರ ವೈರು ಕಿತ್ತು, ಮೇಲೊಂದು ನಿಂಬೆಹಣ್ಣು, ನಾಲ್ಕು ಹಸಿಮೆಣಸಿನಕಾಯಿ ಇಟ್ಟು, ದೇವರ ಮುಂದೆ ದೀಪ ಹಚ್ಚಿ, ಧೈರ್ಯ ಬಂದ ಮೇಲೆ ನಮ್ಮಲ್ಲಿ ಓದಿಸಲು ತಂದಿದ್ದರು. ನಾನು ಇಕ್ಕಳದಿಂದ ಮೇಲಿನ ಹಾಳೆ ಬಿಡಿಸಿಕೊಂಡೆ. "ಮೊದಲು ಕುಳಿತು ಚಹಾ ಕುಡಿಯಿರಿ."

ಆದದ್ದು ಇಷ್ಟು. ಮಾವಶಿಯ ಮಗ ಹೊಸದಾಗಿ ತಂದಿದ್ದೂ ನಮ್ಮದೇ ಕಂಪನಿಯ ಪ್ರಿಂಟರ್. ಅದು ಇದ್ದದ್ದು ಕಾಕಾನ ಕೋಣೆಯ ಗೋಡೆಯ ಆಚೆಗೇ. ಅದಕ್ಕೆ ಅವನು ಪಾಸ್‌ವರ್ಡ್ ಹಾಕಿರಲಿಲ್ಲ. ಮೊಬೈಲಿನಲ್ಲಿ ಎರಡೂ ಯಂತ್ರದ ಹೆಸರು ಒಂದರ ಕೆಳಗೊಂದು ಬಂದಿವೆ. ಕೊನೆಯ ಅಂಕಿ ಬಿಟ್ಟರೆ ಎರಡೂ ಒಂದೇ. ಮೇಲಿನ ನಮ್ಮದಕ್ಕೆ ಒಂದು ಗೆರೆ ಸಿಗ್ನಲ್, ಅವರದಕ್ಕೆ ಪೂರ್ತಿ. ಸಿಗ್ನಲ್ ಪೂರ್ತಿ ಬಿದ್ದ ಕಡೆ ಗಾಡಿ ಬಿಡದ ಕ್ಯಾಬಿನ್ನಿನವರುಂಟೇ?

ಕಾಕಾ ಮಂಚದ ಮೇಲೆ ಕುಳಿತುಬಿಟ್ಟರು. ಹೆಗಲ ಅರಿವೆ ತೆಗೆದು ಮಡಿಲಲ್ಲಿಟ್ಟುಕೊಂಡರು. "ಮೂವತ್ತಮೂರು ವರ್ಷದಾಗ ಒಂದ ಗಾಡಿ ತಪ್ಪ ಲೈನಿಗೆ ಬಿಟ್ಟಾಂವಲ್ಲ ನಾ" ಎಂದರು. ಸಿತಾರದ ಓಣಿಯ ದಿನದ್ದೇ ಮುಖ. ಇನ್ನು ಇವರು ಮೊಬೈಲು ಮುಟ್ಟುವುದಿಲ್ಲ, ಸ್ಟೇಶನ್ನಿಗೂ ಹೋಗುವುದಿಲ್ಲ ಎಂದು ನನಗೆ ಖಾತ್ರಿಯಾಯಿತು. ಎದ್ದು ಚಹಾಕ್ಕೆ ಇಟ್ಟೆ.

ಮಾವಶಿ ಹಾಳೆಯಲ್ಲಿ ಏನಿದೆ ಎಂದು ಕೇಳಿದರು. ನಾನು ಪೂರ್ತಿ ಓದಿ ಹೇಳಿದೆ. ಅವರು ಇಕ್ಕಳ ಕೆಳಗಿಟ್ಟು, ಚಹಾ ಕುಡಿಯುತ್ತ ಕೇಳಿ ಮುಗಿಸಿ, ಕಾಕಾನ ಕಡೆ ತಿರುಗಿದರು. "ಗಾಡಿ ತಪ್ಪ ಹೋದ್ರೂ ಸುಖರೂಪ ಮುಟ್ಟೇತಲ್ರಿ. ಎಣಿಸೀನಿ, ಪುರಾ ಚಾಳೀಸ ಅದಾವ. ಆದ್ರ ನಿಮ್ಮ ಚೀಟ್ಯಾಗ ಒಂದ ಮಾತ ಬಿಟ್ಟೀರಿ. ಹೆಣ್ಣಮಕ್ಕಳು ಸಂಡಾಸಕ್ಕ ಎಲ್ಲಿ ಹೋಗಬೇಕ್ರಿ?"

ಕಾಕಾ ತಲೆ ಎತ್ತಿದರು. ಇಷ್ಟು ವರ್ಷದಲ್ಲಿ ಅದು ಅವರಿಗೆ ಹೊಳೆದಿರಲಿಲ್ಲ. ಹೇಳಲು ಮನೆಯಲ್ಲಿ ಹೆಂಡತಿ ಇರಲಿಲ್ಲ, ನನಗೆ ಹೇಳಬೇಕೆನಿಸಿರಲಿಲ್ಲ. ಮಾವಶಿಯ ಕಡೆ ಕೈ ಮಾಡಿ, ನನ್ನತ್ತ ಮೊಬೈಲು ಚಾಚಿದರು. "ಬರಿಯವಾ. ಅಕ್ಕಾ ಹೇಳ್ತಾಳ."

ಮರುದಿನ ಇಬ್ಬರ ಪ್ರಿಂಟರಿಗೂ ಬೇರೆ ಹೆಸರಿಟ್ಟೆ. ನಮ್ಮದು ಮಿರಜ. ಅವರದಕ್ಕೆ ಸಾಂಗ್ಲಿ ಎಂದು ಇಡಹೊರಟರೆ ಮಾವಶಿ ಒಪ್ಪದೆ ತಮ್ಮ ತವರಿನ ಹೆಸರು ಇಡಿಸಿದರು. ನಮ್ಮಲ್ಲಿ ಶಾಯಿ ತೀರಿದಾಗಲೆಲ್ಲ ಚೀಟಿಗಾಡಿ ಮ್ಹೈಸಾಳಕ್ಕೆ ಹೋಗತೊಡಗಿತು. ಗೋಡೆಯಾಚೆಯಿಂದ ಮಾವಶಿ ಲೈನ್ ಕ್ಲಿಯರ್ ಕೊಡುವರು, ಯಾವಾಗಲೂ "ಹನ್ನೆರಡು" ಎಂದೇ. ಬಾಳೆಹಣ್ಣಿನವಳ ಹತ್ತಿರ ಕಲಿತ ಆ ಒಂದು ಸಂಖ್ಯೆಯ ಹೊರತು ಅವರಿಗೆ ಕನ್ನಡದ ಲೆಕ್ಕ ಬಾರದು. ಪ್ರತಿ ಸಲ ಬೇರೆ ಸಂಖ್ಯೆ ಇರಬೇಕು, ಇದು ಕಾಯಿದೆಗೆ ವಿರುದ್ಧ ಎಂದು ಕಾಕಾ ನನ್ನ ಹತ್ತಿರ ಗೊಣಗುವರು. ಮಾವಶಿಗೆ ಒಮ್ಮೆಯೂ ಹೇಳಲಿಲ್ಲ.

ಹೋದ ಮಳೆಗಾಲದಲ್ಲಿ ಕಾಕಾನಿಗೆ ಎದೆನೋವು ಬಂತು. ಯಾವ ದವಾಖಾನೆಯ ದಾರಿಯನ್ನು ಊರವರಿಗೆಲ್ಲ ಬರೆದುಕೊಟ್ಟಿದ್ದರೋ ಅಲ್ಲಿಗೇ ಕರೆದೊಯ್ದೆವು. ಗಾಲಿಕುರ್ಚಿಯಲ್ಲಿ ಕೂರಿಸಿ ಒಳಗೆ ತಳ್ಳಿಕೊಂಡು ಹೋಗುವಾಗ ಅವರ ದಪ್ಪ ಕೈ ಮೇಲೆದ್ದಿತು. ನೀರು ಬೇಕೇನೋ ಎಂದು ಬಗ್ಗಿದೆ.

"ಲಿಫ್ಟ್ ಎಡಕ್ಕ ಐತಿ" ಎಂದರು.

"ಹೌದ್ರಿ ಕಾಕಾ."

"ಚೀಟ್ಯಾಗ ಬಲಕ್ಕ ಅಂತ ಐತಿ."

ಹೊಸದಾಗಿ ಕಟ್ಟಿಸಿ ಲಿಫ್ಟನ್ನು ಆಚೆ ಬದಿಗೆ ಹಾಕಿದ್ದರು. ಬಲಕ್ಕೆ ಹೋದರೆ ಈಗ ಅರಿವೆ ಒಗೆಯುವ ಕೋಣೆ. ನೀವು ಮೊದಲು ಆರಾಮಾಗಿರಿ, ಆಮೇಲೆ ತಿದ್ದೋಣ ಎಂದೆ.

"ನಾ ಆರಾಮ ಆಗೂದು ಬ್ಯಾರೆ ಮಾತು. ನಾಳೆ ಮುಂಜಾನಿ ಗಾಡಿಗೆ ಬರೂ ಮಂದಿ ಬಲಕ್ಕ ಹೋಗ್ತಾರವಾ."

ಮಧ್ಯಾಹ್ನ ಮನೆಗೆ ಬಂದು ತಿದ್ದಿದೆ. ನಲವತ್ತು ತೆಗೆದು ದವಾಖಾನೆಗೆ ಒಯ್ದೆ. ಕಾಕಾ ಒಂದನ್ನು ಎದುರಿಗೆ ಹಿಡಿಸಿ ಪೂರ್ತಿ ಓದಿದರು. "ಗಾಡಿ ಬಂತು" ಎಂದು, ಈ ಸಲ ತಾವೇ ಹೇಳಿದರು. ಮೂರನೆಯ ದಿನ ತೀರಿಹೋದರು.

ಆ ನಲವತ್ತನ್ನು ನಾನೇ ಸ್ಟೇಶನ್ನಿನಲ್ಲಿ ಹಂಚಿದೆ. ಕೊತ್ತಂಬರಿ ಕೇಳಲು ನಾಚಿದವಳು ಈಗ ವಾರಕ್ಕೆ ಎರಡು ಸಲ ಪರಿಚಯವಿಲ್ಲದವರನ್ನು ನಿಲ್ಲಿಸಿ ಮಾತಾಡಿಸುತ್ತೇನೆ. ತಿಂಗಳಿಗೊಮ್ಮೆ ಚೀಟಿ ಹಿಡಿದು, ರೋಗಿಯಂತೆ ನಿಧಾನವಾಗಿ, ಸಾಲು ಸಾಲಾಗಿ ದಾರಿ ನಡೆದು ನೋಡಿ ಬರುತ್ತೇನೆ. ಮೊದಲ ಸಾಲನ್ನು ಮಾತ್ರ ತಿದ್ದುವ ಪ್ರಸಂಗ ಬಂದಿಲ್ಲ.

ಪ್ರಿಂಟರ್ ಮೇಲೆಯೇ ಇದೆ, ಒತ್ತುವವಳೂ ಮೇಲಿನವಳೇ. ಕೂಗಿ ಕೇಳುವ ಅಗತ್ಯ ಯಾರಿಗೂ ಇಲ್ಲ. ಆದರೂ ಬೆರಳು ಇಡುವ ಮೊದಲು ನಾನು ಜಿನದ ತುದಿಗೆ ಬಂದು ಲೈನ್ ಕ್ಲಿಯರ್ ಕೇಳುತ್ತೇನೆ. ಕೆಳಗಿನ ಕೋಣೆ ಸುಮ್ಮನಿರುತ್ತದೆ. ಗೋಡೆಯಾಚೆಯ ಅಡುಗೆಮನೆಯಲ್ಲಿ ಪಾತ್ರೆಯ ಸಪ್ಪಳ ನಿಲ್ಲುತ್ತದೆ.

"ಹನ್ನೆರಡು" ಎನ್ನುತ್ತಾರೆ ಮಾವಶಿ.

"ಹನ್ನೆರಡು" ಎಂದು ತಿರುಗಿ ಹೇಳಿ, ಒತ್ತುತ್ತೇನೆ.