ಜಗಳ ಬಿಟ್ಟ ದೊಡ್ಡಪ್ಪ

ಮೊನ್ನೆ ಬಳ್ಳಾರಿ ಬಸ್‌ಸ್ಟ್ಯಾಂಡಿನಲ್ಲಿ ಯಾವನೋ ಕಂಡಕ್ಟರು ಸೀಟಿ ಊದಿದ್ದೇ ತಡ, ಒರಗಿ ನಿಂತಿದ್ದ ನಾನು ನೆಟ್ಟಗಾದೆ. ಇದು ದೊಡ್ಡಪ್ಪ ಹಚ್ಚಿದ ಅಭ್ಯಾಸ. ಸಿರುಗುಪ್ಪದ ಬಸ್ಸಿನ ಕಂಡಕ್ಟರಾಗಿದ್ದ ಅವನು ಕನ್ನಡದಲ್ಲಿ ಜಗಳ ತೆಗೆದು ತೆಲುಗಿನಲ್ಲಿ ಮುಗಿಸುತ್ತಿದ್ದ. "ಏನಮ್ಮಾ, ನಿನ್ನ ಕೂಸಿಗೆ ಮೀಸಿ ಬಂದಾವ, ಇದಕ್ಕ ಅರ್ಧ ಟಿಕೀಟೇನು?" ಎಂದರೆ ಇಡೀ ಬಸ್ಸೇ ಪಂಚಾಯ್ತಿಗೆ ಕೂರುತ್ತಿತ್ತು. ರಜೆಯಲ್ಲಿ ಅವನ ಬಸ್ಸಿನಲ್ಲೇ ತಿರುಗುತ್ತಿದ್ದ ನಾನು ಮಂದಿಯ ದನಿ ಅಣಕಿಸುವುದನ್ನು ಅಲ್ಲೇ ಕಲಿತೆ. ವಿದ್ಯೆ ಅಂತ ನನಗೆ ಹತ್ತಿದ್ದು ಅದೊಂದೇ.

ಅಂಥವನು ನಿವೃತ್ತನಾಗಿ ಕುರುಗೋಡಿನ ಮನೆ ಸೇರಿದ. ಮನೆಯವರು ದೇವರಂತೆ ನೋಡಿಕೊಂಡರು: ನೈವೇದ್ಯ ಇಟ್ಟರು, ಎದುರು ಮಾತಾಡಲಿಲ್ಲ. ಮಗ "ಆತಪ್ಪಾ", ಸೊಸೆ "ಹೌದ್ರಿ ಮಾವಾ". ಸಂತೆಗೆ ಹೊರಟರೆ ಕೈಚೀಲ ಕಸಿದುಕೊಂಡು, "ಆರಾಮ ಕುಂದ್ರಿ". ವರ್ಷದೊಳಗೆ ಅವನು ಪೂರ್ತಿ ಕೂತೇಬಿಟ್ಟ. ಉಂಡದ್ದು ಮರೆತ. ಒಂದು ದಿನ ನನ್ನನ್ನು ನಮ್ಮಪ್ಪನ ಹೆಸರು ಹಿಡಿದು ಕರೆದ. ದೊಡ್ಡಮ್ಮನ ಮುಖ ಬಾಡಿತು. "ಇವತ್ತು ನೀನು. ನಾಳೆ ನನ್ನನ್ನ ಯಾರು ಅಂದ್ರ?"

ಡಾಕ್ಟರು ಗುಳಿಗೆ ಬರೆದು, "ಮನ್ಯಾಗ ಮಾತುಕತಿ ಇರ್ಲಿ" ಎಂದರು. ನನಗೆ ಬರುವ ಮಾತುಕತೆ ಅಣಕವೊಂದೇ ತಾನೆ? ಅಂಗಳದಲ್ಲಿ ಹೊಟ್ಟೆ ಮುಂದೆ ಮಾಡಿ ನಿಂತು ಅವನದೇ ಮೂಗುದನಿಯಲ್ಲಿ ಕೂಗಿದೆ: "ಬಳ್ಳಾರಿ ಬಿಟ್ರ ಸಿರುಗುಪ್ಪ! ಸಿರುಗುಪ್ಪ ದಾಟಿದ್ರ ತೆಕ್ಕಲಕೋಟಿ!"

"ಹಿರೇರನ್ನ ಹಿಂಗ ಆಡ್ಕೋತಾರೇನು?" ಎಂದು ಸೊಸೆ ನನ್ನನ್ನು ಗದರುವಷ್ಟರಲ್ಲಿ ದೊಡ್ಡಪ್ಪ ಕುರ್ಚಿಯಿಂದ ಎದ್ದಿದ್ದ.

"ಲೇ ಮಂಗ್ಯಾ! ತೆಕ್ಕಲಕೋಟಿ ಮೊದ್ಲು ಬರ್ತೈತಿ! ಸಿರುಗುಪ್ಪ ದಾಟಿದ್ರ ಹೊಳಿ! ಮಂದಿನ್ನ ಒಯ್ದು ಹೊಳ್ಯಾಗ ಇಳಸ್ತೀಯೇನು?"

"ಬೈದ್ರು! ಬೈದ್ರು ನೋಡು!" ದೊಡ್ಡಮ್ಮ ಹಿಟ್ಟಿನ ಕೈಯಲ್ಲೇ ಓಡಿಬಂದಳು.

ಅಂದಿನಿಂದ ಆ ಮನೆಯಲ್ಲಿ ಮರ್ಯಾದೆ ಕಡಿಮೆಯಾಯಿತು. ಸೊಸೆ ಧೈರ್ಯವಾಗಿ "ಇಲ್ರಿ ಮಾವಾ" ಎನ್ನುತ್ತಾಳೆ. ಸಂತೆಯ ಚೀಲ ಅವನ ಕೈಗೇ ಬಂದಿದೆ. ಬದನೆಕಾಯಿಯವಳೊಂದಿಗೆ ವಾದ ಮುಗಿಯದೆ ಮಧ್ಯಾಹ್ನದ ಊಟ ತಡವಾಗುತ್ತದೆ. ಮರೆವು ಪೂರ್ತಿ ಹೋಯಿತೆಂದು ಸುಳ್ಳು ಹೇಳಲಾರೆ. ಕನ್ನಡಕ ಇನ್ನೂ ದಿನಾ ಕಳೆಯುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ನಿಮ್ಮ ಮನೆಯಲ್ಲೂ ಯಾರಾದರೂ ನೌಕರಿ ಮುಗಿಸಿ ಬಂದರೆ ವಿಶ್ರಾಂತಿ ಕೊಡಿ, ಬೇಡವೆನ್ನಲಾರೆ. ಜೊತೆಗೆ ಒಬ್ಬ ಎದುರಾಳಿಯನ್ನೂ ಕೊಡಿ.

ಮೊನ್ನೆ ಕುರುಗೋಡಿಗೆ ಹೋದಾಗ ಕಟ್ಟೆಯ ಸುತ್ತ ಜನ ನೆರೆದಿದ್ದರು. ನಡುವೆ ದೊಡ್ಡಪ್ಪ, ಒಂದು ಹೆಗಲು ಇಳಿಬಿಟ್ಟು, ಕಾಲೆಳೆದು ನಡೆಯುತ್ತ, "ಕೆಲ್ಸ ಹುಡುಕಾಕ ಹತ್ತೀನಿ ದೊಡ್ಡಪ್ಪಾ, ಇನ್ನೇನು ಸಿಕ್ಕಬಿಡ್ತೈತಿ!" ಎನ್ನುತ್ತಿದ್ದ. ದನಿ ನನ್ನದು, ನನಗಿಂತ ಚೆನ್ನಾಗಿತ್ತು.

"ನಾ ಹಂಗ ನಡಿಯಂಗಿಲ್ಲ" ಎಂದೆ.

"ಹೌದೇನು? ನಡದು ತೋರ್ಸು."

ತೋರಿಸಹೋದೆ. ನಾಲ್ಕು ಹೆಜ್ಜೆಗೇ ಹೆಗಲು ತಾನಾಗಿ ಇಳಿಯಿತು, ಕಾಲು ಎಳೆಯಿತು. ಕಟ್ಟೆಯ ಈ ತುದಿಯಿಂದ ಆ ತುದಿ ಮುಟ್ಟುವುದರೊಳಗೆ, ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವನು ನಾನೇ.