ಪೊನ್ನವ್ವ ಟೀಚರಿಗೆ ಬೇಕಾಗಿದ್ದ ಆಧಾರ

ಪೊನ್ನವ್ವ ಟೀಚರ್ ಯಾವ ಪುಸ್ತಕವನ್ನೂ ಮೂಸದೆ ಓದಿದವರಲ್ಲ. ಮೊದಲು ಅದರ ಬೆನ್ನು ತಡವುತ್ತಿದ್ದರು. ಆಮೇಲೆ ನಡುವೆ ಬಿಡಿಸಿ, ಮೂಗಿಟ್ಟು, ಸಾರಿನ ಹದ ನೋಡುವವರಂತೆ ಕಣ್ಣು ಮುಚ್ಚುತ್ತಿದ್ದರು. ಬಳಿಕ ತೀರ್ಪು. "ಇದು ಬದುಕ್ತದೆ." ಇಲ್ಲವಾದರೆ, "ಇದು ಈ ಕಕ್ಕಡ ದಾಟೋದಿಲ್ಲ, ಕುಂಞಿ." ಕಕ್ಕಡವೆಂದರೆ ಕೊಡಗಿನಲ್ಲಿ ಮಳೆ ಹುಚ್ಚೆದ್ದು ಸುರಿಯುವ ತಿಂಗಳು. ಆಗ ಚಪ್ಪಲಿಗೂ ಬೂಷ್ಟು, ಗೋಡೆಗೂ ಬೂಷ್ಟು, ಪೆಟ್ಟಿಗೆಯೊಳಗಿನ ರೇಷ್ಮೆ ಸೀರೆಗೂ ಬೂಷ್ಟು. ಕುಂಞಿ ಎಂದರೆ ಮಗು. ನಾನು ಕಾಲೇಜು ಸೇರಿದ ಮೇಲೂ ಅವರ ಬಾಯಲ್ಲಿ ಕುಂಞಿಯಾಗಿಯೇ ಉಳಿದೆ.

ಶ್ರೀಮಂಗಲದ ಶಾಲೆಯಲ್ಲಿ ನನಗೆ ಅಕ್ಷರ ಕಲಿಸಿದವರು ಅವರು. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ತವರಿಗೆ ಮರಳಿ, ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿ ಕರಿಮೆಣಸಿನ ಮೂಟೆಗಳ ಜೊತೆ ಬಾಳುತ್ತಿದ್ದರು. ಅಲ್ಲೇ ಕೂತು ಓದಿ, ಖಾಸಗಿಯಾಗಿ ಪರೀಕ್ಷೆಗೆ ಕಟ್ಟಿ ಬಿ.ಎ. ಮುಗಿಸಿದ್ದರು. ಬ್ರಿಟಿಷರ ಕಾಲ. ಇಡೀ ಕೊಡಗಿನಲ್ಲಿ ಒಂದೂ ಕಾಲೇಜು ಇಲ್ಲದ ಕಾಲ. ಊರಿಗೆಲ್ಲ ಅದು ಹೆಮ್ಮೆ, ಅವರ ಅತ್ತಿಗೆಗೆ ಮಾತ್ರ ಅಲ್ಲ. ಆ ಮಹಾತಾಯಿ ಟೀಚರ ಹೆಸರು ಹಿಡಿದು ಕರೆದದ್ದನ್ನು ನಾನು ಕೇಳಿಯೇ ಇಲ್ಲ. "ಬಂದವರು ಊಟಕ್ಕೆ ಬರ್ಲಿ" ಎಂದು ಒಳಗಿನಿಂದ ಕೂಗುವಳು. ಬಂದವರು ಅಂತೆ! ಹುಟ್ಟಿದ ಮನೆಯಲ್ಲಿ!

ಟೀಚರ್ ಎದ್ದು ಹೋಗಿ ಉಣ್ಣುತ್ತಿದ್ದರು. ಆದರೆ ಅದೇ ಸಿಟ್ಟಿನಿಂದ ಒಂದು ಲೇಖನ ಬರೆಯತೊಡಗಿದ್ದರು.

ನಮ್ಮ ಕೊಡವರ ಮದುವೆಯಲ್ಲಿ ಹೆಣ್ಣನ್ನು ಒಪ್ಪಿಸುವಾಗ ಎರಡೂ ಮನೆಯ ಅರುವರು, ಅಂದರೆ ಮನೆತನದ ಪರವಾಗಿ ಮಾತಾಡುವ ಹಿರಿಯರು, ಎದುರುಬದುರು ನಿಲ್ಲುತ್ತಾರೆ. ಹೆಣ್ಣಿನ ಹಕ್ಕುಗಳ ಗುರುತಾಗಿ ಸಣ್ಣ ಕಲ್ಲುಗಳನ್ನು ಎಣಿಸಿ ಗಂಡಿನ ಕಡೆಗೆ ಕೊಡುತ್ತಾರೆ. ಆದರೆ ಒಂದು ಕಲ್ಲನ್ನು ಹೆಣ್ಣಿನ ಕಡೆಯವರು ಕೈಯಲ್ಲೇ ಉಳಿಸಿಕೊಳ್ಳಬೇಕು. ನಾಳೆ ಅವಳ ಬಾಳು ಮುರಿದು ಬಿದ್ದರೆ ತವರಿನ ಬಾಗಿಲು ಅವಳಿಗೆ ತೆರೆದಿರುತ್ತದೆ ಎಂಬುದಕ್ಕೆ ಆ ಕಲ್ಲು. ಟೀಚರ ಲೇಖನ ಆ ಒಂದು ಕಲ್ಲಿನ ಮೇಲೆ. ಮರಳಿ ಬಂದ ಹೆಣ್ಣು ಕೂಳಿಗೆ ಬಿದ್ದವಳಲ್ಲ, ಹಕ್ಕಿನಿಂದ ಬಂದವಳು ಎಂದು ತೋರಿಸುವುದು ಅವರ ಹಟ.

ಮದರಾಸಿನ ಒಬ್ಬ ಪ್ರೊಫೆಸರು ಮೊದಲ ಕರಡು ಓದಿ ಮೆಚ್ಚಿದ್ದರು. ಲೇಖನ ಪೂರ್ತಿಯಾದರೆ ತಮ್ಮ ಕೈಕೆಳಗೆ ಸಂಶೋಧನೆಗೆ ಸೇರಿಸಿಕೊಳ್ಳುವುದಾಗಿ, ಹಾಸ್ಟೆಲಿನಲ್ಲಿ ಜಾಗ ಕೊಡಿಸುವುದಾಗಿ ತಿಳಿಸಿದ್ದರು. ಆದರೆ ಹಳ್ಳಿಯ ಮುದುಕರ ಬಾಯಿಮಾತು ಸಾಲದು, ಅಚ್ಚಾದ ಆಧಾರ ಬೇಕು, ಅದೂ ವರ್ಷ ಮುಗಿಯುವುದರೊಳಗೆ. ಅಂಥ ಪುಸ್ತಕ ಒಂದಿತ್ತು. ಹಿಂದೆಂದೋ ಕೊಡಗಿನಲ್ಲಿದ್ದ ಬಿಳಿಯನೊಬ್ಬ ಇಲ್ಲಿಯ ಮಳೆ, ಬೆಳೆ, ಮದುವೆ, ಸಾವು ಎಲ್ಲವನ್ನೂ ಬರೆದಿಟ್ಟ ದಪ್ಪ ಪುಸ್ತಕ. ಅದು ಇದ್ದದ್ದು ನಾನು ಓದುತ್ತಿದ್ದ ಮಂಗಳೂರಿನ ಕಾಲೇಜಿನ ಲೈಬ್ರರಿಯಲ್ಲಿ. ಹೊರಗಿನವರಿಗೆ ಅಲ್ಲಿ ಪ್ರವೇಶವಿಲ್ಲ.

"ಕುಂಞಿ, ನನಗೆ ಮದರಾಸು ನೋಡೋ ಆಸೆ ಅಲ್ಲ," ಎಂದರು ಟೀಚರ್ ನನ್ನ ಕೈ ಹಿಡಿದು. "ಯಾರೂ 'ಬಂದವರು' ಅನ್ನದ ಒಂದು ಊಟ ಬೇಕು. ಅಷ್ಟೆ. ಆ ಪುಸ್ತಕ ತಂದ್ಕೊಡು."

ನನ್ನ ಹೆಸರಿನಲ್ಲಿ ತೆಗೆದು, ಮಳೆಗಾಲದ ರಜೆಗೆ ಊರಿಗೆ ತಂದೆ. ಅವರು ಮೂಸಿದರು. "ಬದುಕ್ತದೆ" ಎಂದರು. ಮೊದಲ ಪುಟದಿಂದ ಶುರು ಮಾಡಿದರು.

ನನಗೆ ತಲೆ ಕೆಟ್ಟುಹೋಯಿತು. "ಟೀಚರ್, ಮದುವೆಯ ಅಧ್ಯಾಯ ನಡುವೆ ಎಲ್ಲೋ ಉಂಟು. ನೇರ ಅಲ್ಲಿಗೇ ಹೋಗಿ!"

"ಮೆಟ್ಟಿಲು ಹಾರಿ ಅಟ್ಟ ಹತ್ತಿದವಳು ಇಳಿಯುವಾಗ ಕಾಲು ಮುರ್ಕೊಳ್ತಾಳೆ. ಹಿಂದೆ ಮುಂದೆ ನೋಡದೆ ಒಂದು ಸಾಲು ಕಿತ್ತು ತಂದ್ರೆ ಅದು ಆಧಾರ ಅಲ್ಲ, ಕಳ್ಳತನ."

ಇದೇ ಅವರ ದೊಡ್ಡತನ, ಇದೇ ಅವರ ಕರ್ಮ. ಬಿಳಿಯನ ಬೆಟ್ಟಗಳನ್ನೂ ನದಿಗಳನ್ನೂ ಗೌರವದಿಂದ ದಾಟಿ, ಭತ್ತದ ಗದ್ದೆಗೆ ಬರುವಷ್ಟರಲ್ಲಿ ಕಕ್ಕಡ ಬಂತು. ಪುಟಗಳಲ್ಲಿ ಬೂಷ್ಟು ಕಂಡಿತು. ಟೀಚರ್ ಹೆದರಿಹೋದರು. ಕೊಡಗಿನ ಯಾವ ಹೆಣ್ಣಾದರೂ ಮಾಡುವುದನ್ನೇ ಮಾಡಿದರು. ಪುಸ್ತಕವನ್ನು ಬಟ್ಟೆಯಲ್ಲಿ ಸುತ್ತಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಬಿತ್ತನೆ ಬೀಜ, ಏಲಕ್ಕಿ, ಉಪ್ಪು ಸವರಿದ ಹಂದಿಮಾಂಸ ಎಲ್ಲವೂ ಮಳೆಗಾಲ ಕಳೆಯುವುದು ಆ ಹೊಗೆಯಲ್ಲೇ ತಾನೆ! ಬೂಷ್ಟು ಹೋಯಿತು ನಿಜ. ಆದರೆ ಬಿಸಿಗೆ ಬೆನ್ನಿನ ಅಂಟು ಕರಗಿ ರಟ್ಟು ಕಿತ್ತು ಬಂತು. ಮೇಲೆ ತೂಗುತ್ತಿದ್ದ ಮಾಂಸದ ಕೊಬ್ಬು ತೊಟ್ಟಿಕ್ಕಿ, ಬಟ್ಟೆ ದಾಟಿ, ಹಾಳೆಗೆ ಇಳಿದಿತ್ತು.

ರಜೆ ಮುಗಿದು ಅದನ್ನು ಮರಳಿಸಿದಾಗ ಲೈಬ್ರರಿ ನೋಡಿಕೊಳ್ಳುತ್ತಿದ್ದ ಮಂಗಳೂರಿನ ಕ್ರೈಸ್ತ ಬಾಯಮ್ಮ ಎರಡು ಬೆರಳಲ್ಲಿ ಎತ್ತಿ ಹಿಡಿದರು. "ಎಂತ ಮಾರಾಯ್ತಿ ಇದು? ಪುಸ್ತಕವಾ, ಒಣಮೀನಾ?" ನಾನು ಅಳುವಂತಾಗಿ ಎಲ್ಲ ಹೇಳಿದೆ. ಪಾಪ, ಅವರ ಮನಸ್ಸು ಕರಗಿತು, ನಿಯಮ ಕರಗಲಿಲ್ಲ. "ಇನ್ನು ನಿನಗೆ ಹೊರಗೆ ಪುಸ್ತಕ ಇಲ್ಲ. ಇಲ್ಲೇ ಕೂತು ಬೇಕಾದ್ದು ಬರ್ಕೊ."

ಸರಿ, ಬರೆದೆ. ಸಂಜೆ ಗೆಳತಿಯರು ಕಡಲು ನೋಡಲು ಹೋದರೆ ನಾನು ಹಂದಿಕೊಬ್ಬು ನಾರುವ ಹಾಳೆಗಳ ಮುಂದೆ. ಗದ್ದೆ ಮುಗಿಯಿತು, ದನಕರು ಮುಗಿಯಿತು, ಬೇಟೆ ಮುಗಿಯಿತು. ಹಾರಿಬಿಡೋಣವೆಂದು ಎಷ್ಟೋ ಸಲ ಕೈ ತುರಿಸಿತು. ಟೀಚರ ಮಾತು ಕಿವಿಯಲ್ಲಿತ್ತು, ಹಾರಲಿಲ್ಲ. ಬರೆದದ್ದನ್ನು ಊರಿನ ಕಡೆ ಹೋಗುವವರ ಕೈಯಲ್ಲಿ ಕಳಿಸುತ್ತಿದ್ದೆ. ಟೀಚರಿಂದ ಒಂದೇ ಉತ್ತರ ಬರುತ್ತಿತ್ತು: ಬೇಗ, ಕುಂಞಿ, ಬೇಗ.

ಕೊನೆಗೂ ಮದುವೆಯ ಅಧ್ಯಾಯ ತೆರೆದ ದಿನ ಅಪ್ಪ ಕಾಲೇಜಿನ ಬಾಗಿಲಲ್ಲಿ ನಿಂತಿದ್ದರು. ನನಗೆ ಗಂಡು ಗೊತ್ತಾಗಿತ್ತು. ಮಿಲಿಟರಿಯ ಹುಡುಗ, ರಜೆ ಕಡಿಮೆ, ಡಿಸೆಂಬರಿನ ಹುತ್ತರಿ ಹಬ್ಬ ಕಳೆದ ಕೂಡಲೇ ಮದುವೆ, ಓದು ಸಾಕು.

"ಅಪ್ಪಾ, ಒಂದು ಗಂಟೆ ಕೊಡಿ. ಈ ಅಧ್ಯಾಯ ಬರೆದು ಬರ್ತೇನೆ."

"ನಿನ್ನ ಅಧ್ಯಾಯಕ್ಕೆ ಬಸ್ಸು ನಿಲ್ತದಾ? ಪೆಟ್ಟಿಗೆ ಕಟ್ಟು."

ಬರೆದದ್ದು ಒಂದೇ ಪುಟ. ವಾಲಗ, ಹೂವು, ಮದುಮಗಳ ಕೆಂಪು ಸೀರೆ. ಕಲ್ಲಿನ ಮಾತು ಬಂದಿರಲಿಲ್ಲ. ಬಸ್ಸಿನಲ್ಲಿ ಮಡಿಕೇರಿಯವರೆಗೂ ಅತ್ತೆ. ಮದುವೆಗೆ ಅಳುತ್ತಿದ್ದಾಳೆಂದು ಅಪ್ಪ ಕಿತ್ತಳೆಹಣ್ಣು ಸುಲಿದು ಕೊಟ್ಟರು.

ಮದುವೆಯ ದಿನ ನನ್ನನ್ನು ಸಿಂಗರಿಸುತ್ತಿದ್ದ ಕೋಣೆಗೆ ಟೀಚರ್ ಹಿಂಬಾಗಿಲಿನಿಂದ ಬಂದರು. ವಿಧವೆ, ಮುಂದೆ ಬರುವ ಹಾಗಿಲ್ಲ. ಸೊರಗಿಹೋಗಿದ್ದರು. ನಾನು ಆ ಪುಟ ಕೊಟ್ಟೆ. ಮೂಸಿದರು, ಓದಿದರು, ಹಾಳೆ ತಿರುಗಿಸಿ ಖಾಲಿ ಬೆನ್ನು ನೋಡಿದರು.

"ಇಲ್ಲಿಗೇ ನಿಂತಿತಾ, ಕುಂಞಿ?"

"ಬೇರೆ ಯಾರ ಹತ್ತಿರವಾದರೂ ಬರೆಸುವಾ, ಟೀಚರ್."

"ಯಾರುಂಟು ನನಗೆ?" ಎಂದರು. "ವರ್ಷವೇ ಮುಗೀತು." ಆಮೇಲೆ ನನ್ನ ಸೆರಗು ಸರಿಮಾಡಿ, ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತರು.

ನಮ್ಮ ಕಡೆಯ ಅರುವ ಬೆಳ್ಯಪ್ಪಜ್ಜ. ಒಳ್ಳೆಯ ಮನುಷ್ಯ, ಆದರೆ ಬೆಳಗಿನಿಂದ ಬಂದವರಿಗೆಲ್ಲ ಜೊತೆ ಕೊಡುತ್ತಾ ಕುಡಿದಿದ್ದರು. ದೀಪದ ಮುಂದೆ ನಿಂತು ಕಲ್ಲು ಎಣಿಸಿದರು, ಎಣಿಕೆ ತಪ್ಪಿತು, ಮತ್ತೆ ಎಣಿಸಿದರು. ಆಮೇಲೆ ಔದಾರ್ಯ ಉಕ್ಕಿ ಬಂದು, "ಎಂತ ಲೆಕ್ಕ! ನಮ್ಮ ಹುಡುಗಿ ಪೂರ್ತಿ ನಿಮ್ಮವಳೇ, ತಕ್ಕೊಳ್ಳಿ!" ಎಂದು ಇಡೀ ಮುಷ್ಟಿಯನ್ನೇ ಗಂಡಿನ ಅರುವನ ಕೈಗೆ ಸುರಿದುಬಿಟ್ಟರು. ಜನ ನಕ್ಕರು. ವಾಲಗದವರು ಊದಲು ಉಸಿರೆಳೆದರು.

"ಒಂದು ಕಲ್ಲು ಉಳಿಸಿ!"

ಹೆಂಗಸಿನ ಕಿರುಚು. ಗಂಡಸರು ಮಾತಾಡುವ ಆ ಜಾಗದಲ್ಲಿ ಹೆಣ್ಣಿನ ದನಿಯನ್ನು ಯಾರೂ ಕೇಳಿರಲಿಲ್ಲ, ಅದೂ ವಿಧವೆಯ ದನಿ. ಟೀಚರ್ ಬಾಗಿಲು ಬಿಟ್ಟು ನಡುಮನೆಗೆ ಬಂದಿದ್ದರು.

"ಥೂ, ಅಪಶಕುನ!" ಎಂದರು ಯಾರೋ. ಅವರ ಅಣ್ಣ ಬಂದು ರಟ್ಟೆ ಹಿಡಿದು ಎಳೆದರು. "ನಡಿ ಒಳಗೆ. ಮಾನ ಕಳೀಬೇಡ."

"ಎಳೀರಿ ಅಣ್ಣ, ಬೇಕಾದ್ರೆ ಹೊಡೀರಿ. ಅಜ್ಜಾ, ಒಂದು ಕಲ್ಲು ವಾಪಸ್ ತಕ್ಕೊಳ್ಳಿ. ಆ ಮಗುವಿಗೆ ಹಿಂದೆ ಬರೋ ದಾರಿ ಮುಚ್ಚಬೇಡಿ. ನಿಮ್ಮ ಕಾಲಿಗೆ ಬೀಳ್ತೇನೆ!"

ಬೆಳ್ಯಪ್ಪಜ್ಜನ ಅಮಲು ಇಳಿದುಹೋಯಿತು. ಗಂಡಿನ ಅರುವನ ಅಂಗೈಯಿಂದ ಒಂದು ಕಲ್ಲು ಎತ್ತಿ ತಮ್ಮ ಮುಷ್ಟಿಯಲ್ಲಿ ಮುಚ್ಚಿದರು. ವಾಲಗ ಶುರುವಾಯಿತು. ಟೀಚರನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸಿದರು. ನಾನು ಅವರನ್ನು ಕೊನೆಯ ಸಲ ನೋಡಿದ್ದು ಹಾಗೆ, ಬೆನ್ನು.

ಮುಂದಿನ ಕಕ್ಕಡವನ್ನು ಅವರು ದಾಟಲಿಲ್ಲ. ಜ್ವರ ಎಂದರು. ಆಮೇಲೊಮ್ಮೆ ಊರಿಗೆ ಬಂದಾಗ ಅವರ ಅತ್ತಿಗೆಯ ಹತ್ತಿರ ಲೇಖನದ ಹಾಳೆಗಳನ್ನು ಕೇಳಿದೆ. "ಅಟ್ಟದ ಮೇಲೆ ಕಟ್ಟಿಟ್ಟಿತ್ತಲ್ಲ, ಅದಾ? ಒಣಗಿತ್ತು ನೋಡು, ಮಳೆಯಲ್ಲಿ ಒಲೆ ಹಚ್ಚೋದಕ್ಕೆ ಒಳ್ಳೇದಾಯ್ತು" ಎಂದಳು. ನನಗೆ ಅವಳ ಮುಖಕ್ಕೆ ಉಗಿಯಬೇಕೆನಿಸಿತು. ಹಿಂದಿನ ಕೋಣೆಯಲ್ಲಿ ಮೆಣಸಿನ ಮೂಟೆಗಳು ಮಾತ್ರ ಇದ್ದವು.

ಯುದ್ಧ ಬಂತು. ನನ್ನ ಗಂಡ ಮರಳಲಿಲ್ಲ. ಅವರ ಮನೆಯಲ್ಲಿ ನನ್ನ ಮುಂದೆ ತಟ್ಟೆಯನ್ನು ಕುಕ್ಕಿ ಇಡತೊಡಗಿದಾಗ ಮಗಳನ್ನು ಎತ್ತಿಕೊಂಡು ಹೊರಟೆ. ಅಪ್ಪ ಆಗ ಇರಲಿಲ್ಲ. ತವರಿನ ಮೆಟ್ಟಿಲ ಮೇಲೆ, ಮಳೆಯಲ್ಲಿ ನಿಂತೆ. ನನ್ನ ತಮ್ಮ ಬಾಗಿಲಿಗೆ ಬಂದು, ಒಮ್ಮೆ ನನ್ನನ್ನು, ಒಮ್ಮೆ ತನ್ನ ಹೆಂಡತಿಯನ್ನು ನೋಡಿ, ಹೊಸ್ತಿಲಿಗೆ ಅಡ್ಡವಾಗಿ ನಿಂತ. ಒಳಗೆ ಒಲೆಯ ಪಕ್ಕ ಕಂಬಳಿ ಹೊದ್ದಿದ್ದ ಬೆಳ್ಯಪ್ಪಜ್ಜ ಕೋಲೂರಿ ಎದ್ದು ಬಂದರು.

"ಎಂತ ಯೋಚನೆ ಮಾಡ್ತೀಯ? ಆ ಟೀಚರ್ ಕಿರುಚಿದ್ದು ಮರೆತೋಯ್ತಾ?" ಎಂದು ತಮ್ಮನನ್ನು ಗದರಿದರು. "ಕಲ್ಲು ನಮ್ಮಲ್ಲೇ ಉಂಟು. ಅವಳಿಗೆ ದಾರಿ ಬಿಡು."

ಪ್ರೊಫೆಸರು ಕೇಳಿದ್ದ ಆಧಾರ ಕಂಕುಳಲ್ಲಿ ಮಗುವನ್ನು ಹೊತ್ತು ಹೊಸ್ತಿಲು ದಾಟಿತು. ಬರೆದುಕೊಳ್ಳಲು ಟೀಚರ್ ಇರಲಿಲ್ಲ.